ಫೈರ್ ಅಲಾರಂ ಪ್ಯಾನೆಲ್‌ಗೆ 7 ಎಎಚ್ ಬ್ಯಾಟರಿ ಸಾಕಾ, 18 ಬೇಕಾ?

ಪ್ರಶ್ನೆ: ಉಡುಪಿಯಲ್ಲಿ ನಮ್ಮದು ನಾಲ್ಕು ಮಾಳಿಗೆಯ ಲಾಡ್ಜ್. ಕೆಳಗೆ ಹೋಟೆಲ್, ಮೇಲೆ ಒಂದು ಸಣ್ಣ ಹಾಲ್. ಫೈರ್ ಅಲಾರಂ ಪ್ಯಾನೆಲ್‌ನಲ್ಲಿ ಒಂದು ವಾರದಿಂದ ಬ್ಯಾಟರಿ ಫಾಲ್ಟ್ ಅಂತ ಹಳದಿ ದೀಪ ಉರಿಯುತ್ತಿದೆ. ಮೊದಲು ಇದ್ದದ್ದು 7 ಎಎಚ್‌ನ ಎರಡು ಬ್ಯಾಟರಿ. ಅದನ್ನೇ ಹಾಕೋಣ, ಎರಡು ಸೇರಿ 14 ಆಗುತ್ತದಲ್ಲ ಅಂತ ನಮ್ಮ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಒಂದು ಕಂಪನಿಯವರು 12 ಎಎಚ್‌ಗೆ ಕೊಟೇಶನ್ ಕೊಟ್ಟಿದ್ದಾರೆ, ಇನ್ನೊಬ್ಬರು 18ಕ್ಕೆ. ಎರಡು ವರ್ಷದ ಹಿಂದೆ ರಿಸೆಪ್ಶನ್‌ಗೆ ಒಂದು ರಿಪೀಟರ್ ಪ್ಯಾನೆಲ್ (ಮೂಲ ಪ್ಯಾನೆಲ್ ತೋರಿಸುವುದನ್ನೇ ತೋರಿಸುವ ಇನ್ನೊಂದು ಡಬ್ಬಿ), ಫೋನಿಗೆ ಮೆಸೇಜ್ ಕಳಿಸುವ ಒಂದು ಡಯಲರ್, ಆರು ಹೂಟರ್ ಹೊಸದಾಗಿ ಹಾಕಿಸಿದ್ದೇವೆ. ಜನರೇಟರ್ ಕೂಡ ಉಂಟು, ಕೀ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು, ಖರ್ಚು ಉಳಿಸಲು ರಾತ್ರಿ 11ರ ನಂತರ ಆಫ್ ಮಾಡುತ್ತೇವೆ. ಅದಿರುವಾಗ ಸಣ್ಣ ಬ್ಯಾಟರಿ ಸಾಕಾಗದಾ? ಯಾರ ಮಾತು ಕೇಳಬೇಕು? ಸಾಮಾನಿನ ಪಟ್ಟಿ, ಡೇಟಾಶೀಟ್, ಪ್ಯಾನೆಲ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ನಮಸ್ಕಾರ. ಪಟ್ಟಿ ಪೂರ್ತಿ ನೋಡಿದೆ. ಮೊದಲು ಉತ್ತರ ಹೇಳಿಬಿಡುತ್ತೇನೆ, ಲೆಕ್ಕ ಆಮೇಲೆ. 18 ಎಎಚ್‌ನ ಎರಡು ಬ್ಯಾಟರಿ ಹಾಕಿಸಿ. (ಎಎಚ್ ಅಂದರೆ ಆಂಪಿಯರ್ ಅವರ್, ಎಷ್ಟು ಆಂಪಿಯರ್ ಎಷ್ಟು ಗಂಟೆ ಸಿಗುತ್ತದೆ ಅನ್ನುವ ಅಳತೆ.) ಆದರೆ ದುಡ್ಡು ಕೊಡುವ ಮೊದಲು ನಿಮ್ಮ ಪ್ಯಾನೆಲ್‌ನ ಚಾರ್ಜರ್‌ಗೆ ಅಷ್ಟು ದೊಡ್ಡ ಬ್ಯಾಟರಿ ತುಂಬಿಸುವ ಶಕ್ತಿ ಇದೆಯಾ ಅಂತ ನೋಡಿ. 7 ಖಂಡಿತ ಬೇಡ. 12 ಹೇಳಿದವರ ಲೆಕ್ಕವೂ ಸರಿಯೇ, ಅವರು ಹಿಡಿದ ನಿಯಮದ ಪುಸ್ತಕ ಬೇರೆ.

ಎರಡು ಏಳು ಸೇರಿ 14 ಆಗುವುದಿಲ್ಲ. ಪ್ಯಾನೆಲ್ ನಡೆಯುವುದು 24 ವೋಲ್ಟ್‌ನಲ್ಲಿ, ಒಂದೊಂದು ಬ್ಯಾಟರಿ 12 ವೋಲ್ಟ್. ಅದಕ್ಕೇ ಎರಡನ್ನು ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸುವುದು. ಹಾಗೆ ಜೋಡಿಸಿದಾಗ ವೋಲ್ಟ್ ಕೂಡುತ್ತದೆ, ಎಎಚ್ ಅಷ್ಟೇ ಇರುತ್ತದೆ. ನಿಮ್ಮಲ್ಲಿ ಇದ್ದದ್ದು 24 ವೋಲ್ಟ್, 7 ಎಎಚ್. ಅಷ್ಟೇ.

ಈಗ ಲೆಕ್ಕ. ಹೂಟರ್ ಕೂಗುವುದಕ್ಕೆ ಬ್ಯಾಟರಿ ಬೇಕು ಅಂತ ತುಂಬ ಜನ ತಿಳಿದುಕೊಂಡಿರುತ್ತಾರೆ. ನಿಜ, ಆದರೆ ಬ್ಯಾಟರಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ ತಿನ್ನುವುದು ಸುಮ್ನೆ ಕಾಯುವ ಕೆಲಸ. ಕರೆಂಟ್ ಹೋಗಿರುವಾಗ ಇಡೀ ರಾತ್ರಿ, ಮರುದಿನ ಇಡೀ ಹಗಲು ಪ್ಯಾನೆಲ್ ಎಚ್ಚರ ಇರಬೇಕು. ಏನೂ ಆಗದ ಆ ಹೊತ್ತಿನಲ್ಲಿ ಅದು ಎಷ್ಟು ಲೋಡ್ ಎಳೆಯುತ್ತದೆ ಅನ್ನುವುದೇ ದೊಡ್ಡ ಅಂಕಿ. ಅದು ಗೊತ್ತಾಗದೆ ಬ್ಯಾಟರಿ ಆರಿಸುವುದು ಅಂದರೆ ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ.

ನಿಮ್ಮ ಡೇಟಾಶೀಟ್ ಪ್ರಕಾರ ಪ್ಯಾನೆಲ್ ಒಂದೇ ಸುಮ್ಮನಿರುವಾಗ 190 ಮಿಲಿಆಂಪಿಯರ್ ಎಳೆಯುತ್ತದೆ. 96 ಸ್ಮೋಕ್ ಡಿಟೆಕ್ಟರ್, ಒಂದಕ್ಕೆ 0.35ರ ಹಾಗೆ 33.6. ಅಡುಗೆಮನೆ ಕಡೆಯ 8 ಹೀಟ್ ಡಿಟೆಕ್ಟರ್‌ಗೆ 2.8. ಗಾಜು ಒತ್ತುವ ಕಾಲ್ ಪಾಯಿಂಟ್ ಹತ್ತಕ್ಕೆ 4. ಬೇರೆ ಸಾಮಾನನ್ನು ಪ್ಯಾನೆಲ್‌ಗೆ ಜೋಡಿಸುವ ಮಾಡ್ಯೂಲ್ ಆರಕ್ಕೆ 3.6. ಇಷ್ಟು ಸೇರಿ 234. ರಿಸೆಪ್ಶನ್‌ನ ರಿಪೀಟರ್‌ಗೆ 70, ಡಯಲರ್‌ಗೆ 60. ಒಟ್ಟು 364 ಮಿಲಿಆಂಪಿಯರ್, ಅಂದರೆ 0.364 ಆಂಪಿಯರ್. ನೂರಕ್ಕೂ ಹೆಚ್ಚು ಡಿಟೆಕ್ಟರ್ ಸೇರಿ ಎಳೆಯುವುದು 37 ಕೂಡ ಇಲ್ಲ, ಎರಡು ವರ್ಷದ ಹಿಂದೆ ಹಾಕಿಸಿದ ಆ ಎರಡೇ ಡಬ್ಬಿ 130 ಎಳೆಯುತ್ತವೆ ನೋಡಿ. ಬ್ಯಾಟರಿಗೆ ಭಾರ ಆಗುವುದು ಇಂಥವೇ. 24 ಗಂಟೆಗೆ ಗುಣಿಸಿದರೆ 8.74 ಎಎಚ್. ಇದು ಬರೀ ಕಾಯುವುದಕ್ಕೆ.

ಇನ್ನು ಬೆಂಕಿ ಬಿದ್ದ ಹೊತ್ತು. ಆಗ ಪ್ಯಾನೆಲ್ 320 ಮಿಲಿಆಂಪಿಯರ್, ಡಿಟೆಕ್ಟರ್‌ಗಳೆಲ್ಲ ಜೋಡಿಸಿರುವ ವಯರ್ ಸುತ್ತು, ಅಂದರೆ ಲೂಪ್, ಹತ್ತಿರ ಹತ್ತಿರ 80, ರಿಪೀಟರ್ 120, ಡಯಲರ್ 200. ಹೂಟರ್ ಒಟ್ಟು 14, ಎಲ್ಲದಕ್ಕೂ ಮಿನುಗುವ ಸ್ಟ್ರೋಬ್ ಇರುವುದರಿಂದ ಒಂದಕ್ಕೆ 95ರ ಹಾಗೆ 1330. ಕೂಡಿಸಿದರೆ 2050, ಅಂದರೆ 2.05 ಆಂಪಿಯರ್. ಅರ್ಧ ಗಂಟೆ ಕೂಗಿಸಿದರೆ 1.03 ಎಎಚ್ ಮೇಲ್ನೋಟಕ್ಕೆ.

ಮೇಲ್ನೋಟಕ್ಕೆ ಅಂತ ಯಾಕೆ ಅಂದೆ ಅಂದರೆ, ಬ್ಯಾಟರಿ ಮೇಲೆ ಬರೆದ 7, 12, 18 ಅನ್ನುವ ಅಂಕಿ ಬರುವುದು ನಿಧಾನ ಎಳೆದಾಗ ಮಾತ್ರ. ಸಾಮಾನ್ಯವಾಗಿ 20 ಗಂಟೆಯ ಲೆಕ್ಕ ಅದು. 7 ಎಎಚ್ ಬ್ಯಾಟರಿಯಿಂದ 0.35 ಆಂಪಿಯರ್‌ನಂತೆ ಎಳೆದರೆ 20 ಗಂಟೆ ಸಿಗುತ್ತದೆ. ಅದೇ ಬ್ಯಾಟರಿಯಿಂದ ಒಮ್ಮೆಗೇ 7 ಆಂಪಿಯರ್ ಎಳೆದರೆ ಒಂದು ಗಂಟೆ ಸಿಗಬೇಕಿತ್ತಲ್ವಾ? ಸಿಗುವುದಿಲ್ಲ. ಅರ್ಧ ಗಂಟೆ, ಮೇಲೆ ಕೆಲವು ನಿಮಿಷ. ತೆಂಗಿನಕಾಯಿ ತುರಿಯನ್ನು ಅವಸರದಲ್ಲಿ ಒಂದು ಸಲ ಹಿಂಡಿ ಬಿಟ್ಟರೆ ಹಾಲು ತುರಿಯಲ್ಲೇ ಉಳಿಯುತ್ತದಲ್ಲ, ಹಾಗೆ. ಹೂಟರ್ ಕೂಗುವಾಗ ಬ್ಯಾಟರಿಯನ್ನು ನಾವು ಹಿಂಡುವುದು ಹೀಗೆಯೇ. ಅದಕ್ಕೆ ಬ್ರಿಟಿಷರ ಫೈರ್ ಅಲಾರಂ ನಿಯಮದ ಪುಸ್ತಕ ಬಿಎಸ್ 5839ರ ಸೂತ್ರದಲ್ಲಿ, ಕೂಗುವ ಲೋಡ್ ಬ್ಯಾಟರಿ ಎಎಚ್‌ನ 20ರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ಆ ಭಾಗವನ್ನು 1.75ರಿಂದ ಗುಣಿಸಬೇಕು ಅಂತ ಉಂಟು. 18ರ 20ರಲ್ಲಿ ಒಂದು ಪಾಲು 0.9. ನಿಮ್ಮದು 2.05. ಹಾಗಾಗಿ ಗುಣಿಸಲೇಬೇಕು. 1.79 ಆಯಿತು.

8.74ಕ್ಕೆ 1.79 ಸೇರಿಸಿ, 10.53. ಅದನ್ನು 1.25ರಿಂದ ಗುಣಿಸಬೇಕು, ಯಾಕೆಂದರೆ ಬ್ಯಾಟರಿಗೆ ವಯಸ್ಸಾಗುತ್ತದೆ. ನೂರಕ್ಕೆ ಎಂಬತ್ತಕ್ಕೆ ಇಳಿದ ದಿನವೂ ಅದು ಕೆಲಸ ಮಾಡಬೇಕು. ಉತ್ತರ 13.2 ಎಎಚ್. ಅಂಗಡಿಯಲ್ಲಿ 12 ಆದ ಮೇಲೆ ಸಿಗುವುದು 17 ಅಥವಾ 18. 18 ಹೇಳಿದವರ ಲೆಕ್ಕ ಇದು.

12 ಹೇಳಿದವರು ಅಮೆರಿಕದ ನಿಯಮದ ಪುಸ್ತಕ ಎನ್‌ಎಫ್‌ಪಿಎ 72 ಇಟ್ಟುಕೊಂಡು ಮಾಡಿರಬೇಕು. ಅದರಲ್ಲೂ ಕಾಯುವುದು 24 ಗಂಟೆಯೇ, ಆದರೆ ಸಾಧಾರಣ ಹೂಟರ್ ಇರುವ ಕಡೆ ಕೂಗುವುದು 5 ನಿಮಿಷ, ಮೇಲೆ 20 ಪರ್ಸೆಂಟ್ ಸೇರಿಸುತ್ತಾರೆ. ಮೈಕಿನಲ್ಲಿ ಮಾತು ಹೇಳಿ ಜನರನ್ನು ಹೊರಗೆ ಕಳಿಸುವ ವ್ಯವಸ್ಥೆ ಇದ್ದರೆ 15 ನಿಮಿಷ. ನಿಮ್ಮ ಅಂಕಿ ಹಾಕಿದರೆ 8.74 ಮತ್ತು 0.17, ಒಟ್ಟು 8.91, ಅದಕ್ಕೆ 20 ಪರ್ಸೆಂಟ್ ಸೇರಿಸಿ 10.7. ಹಾಗಾಗಿ 12. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಇರುವ ಪುಸ್ತಕ ಐಎಸ್ 2189. ನಿಮ್ಮ ಫೈರ್ ಎನ್‌ಒಸಿ ಕಾಗದದ ಜೊತೆ ಕನ್ಸಲ್ಟೆಂಟ್ ಕೊಟ್ಟ ಸ್ಪೆಸಿಫಿಕೇಶನ್ ಇರುತ್ತದೆ, ಅದನ್ನು ಹುಡುಕಿ ತೆಗೆಯಿರಿ. ಅದರಲ್ಲಿ ಎಷ್ಟು ಗಂಟೆ ಅಂತ ಬರೆದಿದೆಯೋ ಅದಕ್ಕಿಂತ ಒಂದು ನಿಮಿಷವೂ ಕಡಿಮೆ ಆಗಬಾರದು, ಜಾಸ್ತಿ ಆದರೆ ಒಳ್ಳೆಯದೇ.

ಲಾಡ್ಜ್‌ಗೆ ನಾನು ಅರ್ಧ ಗಂಟೆಯ ಲೆಕ್ಕವನ್ನೇ ಹಿಡಿಯುತ್ತೇನೆ. ಆಫೀಸಿನಲ್ಲಿ ಕೂತವರು ಬೆಲ್ ಕೇಳಿದ ತಕ್ಷಣ ಎದ್ದು ಹೊರಗೆ ಬರುತ್ತಾರೆ, ಅವರಿಗೆ ಮೆಟ್ಟಿಲು ಗೊತ್ತು. ನಿಮ್ಮಲ್ಲಿ ಇರುವವರು ದೂರದಿಂದ ಬಸ್ಸಿನಲ್ಲಿ ಬಂದು, ಮಠದಲ್ಲಿ ದರ್ಶನ ಮುಗಿಸಿ, ಊಟ ಮಾಡಿ ಸುಸ್ತಾಗಿ ಮಲಗಿದವರು. ವಯಸ್ಸಾದವರು ಜಾಸ್ತಿ. ಪರ್ಯಾಯದ ಹೊತ್ತಿಗಂತೂ ಒಂದೊಂದು ರೂಮಿನಲ್ಲಿ ಆರಾರು ಜನ ಇರುತ್ತಾರೆ. ನಾಲ್ಕನೇ ಮಾಳಿಗೆಯಲ್ಲಿ ನಿದ್ದೆಯಲ್ಲಿರುವ ಅಜ್ಜಿ ಎದ್ದು, ಕತ್ತಲೆಯಲ್ಲಿ ಕನ್ನಡಕ ಹುಡುಕಿ, ಕೆಳಗೆ ಇಳಿಯುವುದಕ್ಕೆ 5 ನಿಮಿಷ ಎಲ್ಲಿ ಸಾಕು ಮಾರಾಯ್ರೆ?

ಹಾಗಾದರೆ ಮೊದಲು 7 ಹಾಕಿದವರು ಮೋಸ ಮಾಡಿದರಾ? ಇಲ್ಲ. ರಿಪೀಟರ್, ಡಯಲರ್, ಆರು ಹೂಟರ್ ತೆಗೆದು ಲೆಕ್ಕ ಹಾಕಿ ನೋಡಿದೆ. ಕಾಯುವ ಲೋಡ್ 0.234, ಕೂಗುವ ಲೋಡ್ 1.16. ಅಮೆರಿಕದ ಪುಸ್ತಕದ ಪ್ರಕಾರ ಸರಿಯಾಗಿ 6.9 ಬರುತ್ತದೆ. ಆ ದಿನಕ್ಕೆ 7 ಸರಿಯಾಗಿಯೇ ಇತ್ತು. ಆಮೇಲೆ ಹೊಸ ಸಾಮಾನು ಹಾಕಿದವರು ಬ್ಯಾಟರಿ ಲೆಕ್ಕ ಮತ್ತೆ ಮಾಡಲಿಲ್ಲ. ನಾನು ನೋಡುವ ಹತ್ತರಲ್ಲಿ ಹೆಚ್ಚಿನ ಕಟ್ಟಡಗಳ ಕಥೆ ಇದೇ. ಇವತ್ತಿನ ಲೋಡ್‌ಗೆ ಹೊಚ್ಚ ಹೊಸ 7 ಎಎಚ್ ಹಾಕಿದರೆ 19 ಗಂಟೆ ಬರುತ್ತದೆ, ಹಳೆಯದಾದರೆ 15. ಜೂನ್‌ನಲ್ಲಿ ಸಂಜೆ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ಹೋದ ಕರೆಂಟ್ ಮರುದಿನ ಮಧ್ಯಾಹ್ನ ಬಂದದ್ದು ನಮಗೆ ಹೊಸದಲ್ಲ. 15 ಗಂಟೆ ಮುಗಿಯುವ ಹೊತ್ತಿಗೆ ಹೂಟರ್‌ಗೆ ಅಂತ ಏನೂ ಉಳಿದಿರುವುದಿಲ್ಲ.

ಜನರೇಟರ್ ಉಂಟಲ್ಲ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಅಮೆರಿಕದ ಪುಸ್ತಕ ಜನರೇಟರ್ ಇದ್ದರೆ 4 ಗಂಟೆಯ ಬ್ಯಾಟರಿ ಸಾಕು ಅನ್ನುತ್ತದೆ, ಆದರೆ ಅದು ಹೇಳುವ ಜನರೇಟರ್ 10 ಸೆಕೆಂಡಿನಲ್ಲಿ ತಾನೇ ಸ್ಟಾರ್ಟ್ ಆಗಬೇಕು, 24 ಗಂಟೆಗೆ ಆಗುವಷ್ಟು ಡೀಸೆಲ್ ಯಾವತ್ತೂ ಇರಬೇಕು, ಕ್ರಮವಾಗಿ ಟೆಸ್ಟ್ ಆಗುತ್ತಿರಬೇಕು. ನಿಮ್ಮದು ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಸೆಟ್ ಅಂತ ಬರೆದಿದ್ದೀರಿ. ರಾತ್ರಿ ಖರ್ಚು ಉಳಿಸಲು 11ರ ನಂತರ ಆಫ್ ಮಾಡುತ್ತೀರಿ ಅಂತಲೂ. ಇನ್ನೊಂದು ವಿಷಯ, ಬೆಂಕಿ ಶುರುವಾಗುವ ಜಾಗ ಕಟ್ಟಡದ ಕರೆಂಟಿನ ಮೇನ್ ಬೋರ್ಡ್ ಕೂಡ ಆಗಬಹುದು. ಆಗ ಜನರೇಟರ್‌ನ ಕೇಬಲ್ ಅದೇ ಬೋರ್ಡ್ ಮೂಲಕ ಬರಬೇಕಲ್ವಾ? ಅಗ್ನಿಶಾಮಕದವರು ಬಂದ ಕೂಡಲೇ ಕಟ್ಟಡದ ಕರೆಂಟ್ ಕಡಿಯುತ್ತಾರೆ. ಆಮೇಲೆ ಹೂಟರ್ ಕೂಗುವುದು ಬ್ಯಾಟರಿಯಿಂದ ಮಾತ್ರ. ಜನರೇಟರ್ ಇರಲಿ, ಬ್ಯಾಟರಿಯನ್ನು ಅದರ ಲೆಕ್ಕದಲ್ಲಿ ಕಡಿಮೆ ಮಾಡಬೇಡಿ.

ಈಗ ಚಾರ್ಜರ್. ಹೆಚ್ಚಿನವರು ಮರೆಯುವುದು ಇಲ್ಲೇ. ಪ್ಯಾನೆಲ್‌ನ ಮ್ಯಾನುಯಲ್‌ನಲ್ಲಿ ಗರಿಷ್ಠ ಎಷ್ಟು ಎಎಚ್ ಬ್ಯಾಟರಿ ಹಾಕಬಹುದು ಅಂತ ಬರೆದಿರುತ್ತದೆ. ಯುರೋಪಿನ ನಿಯಮ ಇಎನ್ 54-4ರ ಪ್ರಕಾರ ಪೂರ್ತಿ ಖಾಲಿಯಾದ ಬ್ಯಾಟರಿ 24 ಗಂಟೆಯಲ್ಲಿ 80 ಪರ್ಸೆಂಟ್ ತುಂಬಬೇಕು. 18ರ 80 ಪರ್ಸೆಂಟ್ 14.4, 24ರಿಂದ ಭಾಗಿಸಿದರೆ 0.6 ಆಂಪಿಯರ್. ತುಂಬುವಾಗ ಸ್ವಲ್ಪ ನಷ್ಟವೂ ಆಗುವುದರಿಂದ 0.7 ಇದ್ದರೆ ನೆಮ್ಮದಿ. ನಿಮ್ಮ ಚಾರ್ಜರ್ 0.3 ಆಂಪಿಯರ್‌ನದ್ದಾದರೆ ಒಂದು ದಿನದಲ್ಲಿ 7.2 ಎಎಚ್ ಮಾತ್ರ ಹೋಗುತ್ತದೆ, ಅರ್ಧವೂ ತುಂಬುವುದಿಲ್ಲ. ಮಳೆಗಾಲದಲ್ಲಿ ಇವತ್ತು ಹೋದ ಕರೆಂಟ್ ನಾಳೆ ಸಂಜೆ ಮತ್ತೆ ಹೋಗುತ್ತದೆ. ಆಗ ದೊಡ್ಡ ಬ್ಯಾಟರಿ ಹಾಕಿಸಿಯೂ ಅರ್ಧ ಕೊಡದಲ್ಲಿ ನೀರು ಸೇದಿದ ಹಾಗೆ ಆಗುತ್ತದೆ. ಚಾರ್ಜರ್ ಸಾಲದಿದ್ದರೆ ಹೊಸ ಹೂಟರ್‌ಗಳಿಗೆ ಅದರದ್ದೇ ಬ್ಯಾಟರಿ ಇರುವ ಬೇರೆ ಪವರ್ ಸಪ್ಲೈ ಹಾಕಿಸಿ, ರಿಪೀಟರ್ ಮತ್ತು ಡಯಲರ್ ಕೂಡ ಅದಕ್ಕೆ ಕೊಡಿ. ಆಗ ಮೂಲ ಪ್ಯಾನೆಲ್‌ಗೆ ಸಣ್ಣ ಬ್ಯಾಟರಿ ಸಾಕಾಗಬಹುದು, ಲೆಕ್ಕ ಎರಡು ಕಡೆ ಬೇರೆ ಬೇರೆ ಮಾಡಬೇಕು. ಒಂದರ ಪಕ್ಕ ಒಂದು ಜೋಡಿ ಬ್ಯಾಟರಿ ಪ್ಯಾರಲಲ್ ಕಟ್ಟಿ 7ನ್ನು 14 ಮಾಡುವ ಉಪಾಯ ಯಾರಾದರೂ ಹೇಳಿದರೆ, ಪ್ಯಾನೆಲ್ ಕಂಪನಿ ಬರೆದು ಒಪ್ಪದೆ ಮಾಡಬೇಡಿ.

18 ಎಎಚ್ ಬ್ಯಾಟರಿ ಹಳೆಯ ಜಾಗದಲ್ಲಿ ಕೂರುವುದಿಲ್ಲ, ಅದನ್ನೂ ನೋಡಿಕೊಳ್ಳಿ. 7ರದ್ದು 15 ಸೆಂಟಿಮೀಟರ್ ಉದ್ದ, ಎರಡು ಕಿಲೋ ಚಿಲ್ಲರೆ. 18ರದ್ದು 18 ಸೆಂಟಿಮೀಟರ್ ಉದ್ದ, ಸುಮಾರು ಐದೂವರೆ ಕಿಲೋ, ಎತ್ತರವೂ ಜಾಸ್ತಿ. ಹೆಚ್ಚಾಗಿ ಸಿಕ್ಕಿಸುವ ಟರ್ಮಿನಲ್ ಬದಲು ನಟ್ ಬೋಲ್ಟ್ ಇರುತ್ತದೆ. ಪ್ಯಾನೆಲ್‌ನ ಪಕ್ಕದಲ್ಲೇ ಒಂದು ತಗಡಿನ ಬಾಕ್ಸ್, ಗಿಡ್ಡ ದಪ್ಪ ವಯರ್, ಮಧ್ಯೆ ಫ್ಯೂಸ್. ವಯರ್ ಉದ್ದ ಎಳೆಯಬೇಡಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮಂಗಳೂರಿನ ಒಂದು ಜವಳಿ ಅಂಗಡಿಗೆ ಸರ್ವಿಸ್‌ಗೆ ಹೋಗಿದ್ದೆ. ಮೆಟ್ಟಿಲಿನ ಕೆಳಗೆ ಪ್ಯಾನೆಲ್, ಪಕ್ಕದಲ್ಲಿ ಇನ್ವರ್ಟರ್, ಒಳಗೆ ಕೈ ಹಾಕಿದರೆ ಬಿಸಿ. ಅಲ್ಲಿಯ ಪುಸ್ತಕದಲ್ಲಿ ಪ್ರತಿ ತಿಂಗಳೂ ಬ್ಯಾಟರಿ ಓಕೆ ಅಂತ ಬರೆದಿತ್ತು, ಎದುರಿಗೆ 27.2 ವೋಲ್ಟ್. ನಾನೂ ಮೀಟರ್ ಹಿಡಿದೆ, 27.2. ಆದರೆ ಅದು ಬ್ಯಾಟರಿಯ ವೋಲ್ಟೇಜ್ ಅಲ್ಲ, ಚಾರ್ಜರ್ ಕೊಡುವ ವೋಲ್ಟೇಜ್. ಕರೆಂಟ್ ಇರುವಾಗ ಸತ್ತ ಬ್ಯಾಟರಿಯೂ ಅಷ್ಟೇ ತೋರಿಸುತ್ತದೆ. ಪ್ಯಾನೆಲ್‌ಗೆ ಕರೆಂಟ್ ಕೊಡುವ ಸ್ವಿಚ್, ಎಂಸಿಬಿ, ಇಳಿಸಿದೆ. ಎರಡು ನಿಮಿಷಕ್ಕೆ 25.1. ಇನ್ನೂ ಪರವಾಗಿಲ್ಲ ಅನಿಸುವ ಅಂಕಿ. ಕಾಲ್ ಪಾಯಿಂಟ್ ಒತ್ತಿದೆ. ಹೂಟರ್ ಒಮ್ಮೆ ಜೋರಾಗಿ ಕೂಗಿ, ದನಿ ಕುಗ್ಗಿ, ನಿಂತೇ ಹೋಯಿತು. ಪ್ಯಾನೆಲ್ ಆಫ್ ಆಗಿ ಮತ್ತೆ ಆನ್, ಮತ್ತೆ ಆಫ್. ಮೀಟರ್‌ನಲ್ಲಿ 17. ಬ್ಯಾಟರಿ ಹೊರಗೆ ತೆಗೆದರೆ ಎರಡೂ ಬದಿ ಊದಿಕೊಂಡಿತ್ತು. ಆ ಅಂಗಡಿಯಲ್ಲಿ ಆ ಹೊತ್ತಿಗೆ ಮದುವೆ ಸೀರೆ ತೆಗೆಯಲು ಬಂದ ಜನ ಮೂರು ಮಾಳಿಗೆಯಲ್ಲೂ ತುಂಬಿದ್ದರು. ಅವತ್ತಿನಿಂದ ಲೋಡ್ ಹಾಕದೆ ಬ್ಯಾಟರಿ ಸರಿ ಉಂಟು ಅಂತ ನಾನು ಯಾರಿಗೂ ಬರೆದು ಕೊಟ್ಟಿಲ್ಲ.

ಆ ಬ್ಯಾಟರಿ ಸತ್ತದ್ದು ಬಿಸಿಯಿಂದ. ಈ ಬ್ಯಾಟರಿಗಳ ಆಯಸ್ಸು ಹೇಳುವುದು 20, 25 ಡಿಗ್ರಿಯ ಲೆಕ್ಕದಲ್ಲಿ. ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಮುಚ್ಚಿದ ಕೋಣೆಯ ಡಬ್ಬಿಯೊಳಗೆ 35ಕ್ಕಿಂತ ಮೇಲೆಯೇ ಇರುತ್ತದೆ. ಐದು ವರ್ಷದ ಬ್ಯಾಟರಿ ಎರಡೂವರೆಗೆ ಮುಗಿದರೆ ಆಶ್ಚರ್ಯ ಇಲ್ಲ. ನಿಮ್ಮ ಪ್ಯಾನೆಲ್ ಅಡುಗೆಮನೆಯ ಗೋಡೆಗೆ ಒತ್ತಿಕೊಂಡಿದೆ ಅಂತ ಫೋಟೋದಲ್ಲಿ ಕಾಣುತ್ತದೆ. ಬ್ಯಾಟರಿ ಬಾಕ್ಸ್ ಆದರೂ ಆಚೆ ಬದಿಗೆ ಇಡಿಸಿ. ಜೊತೆಗೆ ಕಡಲ ಗಾಳಿ. ಟರ್ಮಿನಲ್ ಮೇಲೆ ಹಸಿರು ಪುಡಿ ಕಟ್ಟಿದೆ ಅಂದರೆ ತಾಮ್ರ ತಿನ್ನುತ್ತಿದೆ ಅಂತ ಅರ್ಥ. ಒರೆಸಿ, ಬಿಗಿ ಮಾಡಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಆರು ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಕೊಳ್ಳುವಾಗ ಮೊಹರು ಮಾಡಿದ ಲೆಡ್ ಆಸಿಡ್ ಬ್ಯಾಟರಿಯೇ ಇರಲಿ. ಎರಡೂ ಒಂದೇ ಕಂಪನಿ, ಒಂದೇ ತಿಂಗಳ ತಯಾರಿ. ಒಂದು ಹಳೆಯದು ಒಂದು ಹೊಸದು ಬೇಡವೇ ಬೇಡ. ಅಂಗಡಿಯಲ್ಲೇ ಮೀಟರ್ ಹಿಡಿಯಿರಿ, 12.8ರ ಆಸುಪಾಸು ಇರಬೇಕು. 12.4 ತೋರಿಸಿದರೆ ಅದು ಗೋಡೌನ್‌ನಲ್ಲಿ ತಿಂಗಳುಗಟ್ಟಲೆ ಚಾರ್ಜ್ ಇಲ್ಲದೆ ಕೂತದ್ದು, ವಾಪಸ್ ಕೊಡಿ. ಲಿಥಿಯಂ ಹಾಕಬಹುದಾ ಅಂತ ಮುಂದೆ ಯಾರಾದರೂ ಕೇಳುತ್ತಾರೆ. ಪ್ಯಾನೆಲ್‌ನ ಚಾರ್ಜರ್ ಲೆಡ್ ಆಸಿಡ್‌ಗೆ ಮಾಡಿದ್ದು, ಕಂಪನಿ ಒಪ್ಪದೆ ಹಾಕಬೇಡಿ.

ಹಾಕುವ ಮೊದಲು ನನ್ನ ಲೆಕ್ಕವನ್ನು ಒಮ್ಮೆ ಅಳೆದು ನೋಡಿ, ಡೇಟಾಶೀಟ್‌ನ ಅಂಕಿಗಿಂತ ಮೀಟರ್‌ನ ಅಂಕಿಯನ್ನೇ ಹೆಚ್ಚು ನಂಬಬೇಕು. ಪ್ಯಾನೆಲ್‌ನ ಎಂಸಿಬಿ ಇಳಿಸಿ, ಬ್ಯಾಟರಿಯ ಒಂದು ವಯರ್ ಬಿಚ್ಚಿ, ಮಧ್ಯೆ ಮೀಟರ್ ಸೇರಿಸಬೇಕು. ಮೀಟರ್‌ನ ವಯರ್ 10 ಆಂಪಿಯರ್ ತೂತಿನಲ್ಲಿ ಇರಬೇಕು, ಮಿಲಿಆಂಪಿಯರ್ ತೂತಿನಲ್ಲಿಟ್ಟರೆ ಹೂಟರ್ ಕೂಗಿದ ಕೂಡಲೇ ಫ್ಯೂಸ್ ಹೋಗುತ್ತದೆ. ಆ ಮೀಟರನ್ನು ಬ್ಯಾಟರಿಯ ಎರಡು ಟರ್ಮಿನಲ್‌ಗೆ ನೇರವಾಗಿ ಮುಟ್ಟಿಸಿದರೆ ಶಾರ್ಟ್, ಕೈ ಸುಡುತ್ತದೆ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಈ ಯಾವ ಮಂಡೆಬಿಸಿಯೂ ಇಲ್ಲ. ಎಲೆಕ್ಟ್ರಿಷಿಯನ್ ಬಳಿ ಇರುವ ಸಾಧಾರಣ ಕ್ಲ್ಯಾಂಪ್ ಎಸಿ ಮಾತ್ರ ಅಳೆಯುತ್ತದೆ, ನೋಡಿಕೊಳ್ಳಿ. ಸುಮ್ಮನಿರುವಾಗ 0.364ರ ಹತ್ತಿರ ಬರಬೇಕು. 0.45 ಬಂದರೆ ಪಟ್ಟಿಯಲ್ಲಿ ಇಲ್ಲದ ಏನೋ ಒಂದು ಬ್ಯಾಟರಿಗೆ ನೇತಾಡುತ್ತಿದೆ, ಹೆಚ್ಚಾಗಿ ಬಾಗಿಲು ಹಿಡಿದಿಡುವ ಮ್ಯಾಗ್ನೆಟ್. ಹುಡುಕಿ.

ಹೊಸ ಬ್ಯಾಟರಿ ಹಾಕಿ ಮೂರು ದಿನ ತುಂಬಲು ಬಿಡಿ. ಆಮೇಲೆ ಗಿರಾಕಿ ಕಡಿಮೆ ಇರುವ ಒಂದು ದಿನ ಬೆಳಿಗ್ಗೆ 11ಕ್ಕೆ ಎಂಸಿಬಿ ಇಳಿಸಿ, ಮರುದಿನ 11ರವರೆಗೆ ಹಾಗೇ ಇಟ್ಟು, ಎಲ್ಲ ರೂಮಿಗೆ ಮೊದಲೇ ಹೇಳಿ ಹೂಟರ್ ಕೂಗಿಸಿ. ಕೊನೆಯ ಹೂಟರ್, ನಿಮ್ಮಲ್ಲಿ ಹಾಲ್‌ನದ್ದು, ಅರ್ಧ ಗಂಟೆ ಮುಗಿಯುವಾಗಲೂ ಜೋರಾಗಿ ಕೇಳಬೇಕು, ವಯರ್ ಉದ್ದ ಇರುವುದರಿಂದ ವೋಲ್ಟ್ ಮೊದಲು ಕುಸಿಯುವುದು ಅಲ್ಲಿಯೇ. ಈ ಟೆಸ್ಟ್ ಆದ ಮೇಲೆ ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ ಅನ್ನುವುದು ನೆನಪಿರಲಿ, ಅವತ್ತು ರಾತ್ರಿ ವಾಚ್‌ಮನ್ ಗಂಟೆಗೊಮ್ಮೆ ಎಲ್ಲ ಮಾಳಿಗೆ ಸುತ್ತಬೇಕು. ಮಳೆಗಾಲ ಶುರುವಾಗುವ ಮೊದಲು ಮುಗಿಸಿಬಿಡಿ. ಹಳೆಯ ಎರಡನ್ನು ಅಂಗಡಿಯವರಿಗೇ ವಾಪಸ್ ಕೊಡಿ, ಗುಜರಿಗೆ ಹಾಕಬೇಡಿ.

ಬ್ಯಾಟರಿಯ ಮೇಲೆ ಹಾಕಿದ ತಾರೀಕು ಮಾರ್ಕರ್‌ನಲ್ಲಿ ದಪ್ಪವಾಗಿ ಬರೆಯಿರಿ. ಪ್ಯಾನೆಲ್ ಬಾಗಿಲಿನ ಒಳಬದಿಗೆ ಒಂದು ಹಾಳೆ ಅಂಟಿಸಿ: ಕಾಯುವಾಗ 0.364, ಕೂಗುವಾಗ 2.05, ಬೇಕಾದದ್ದು 13.2, ಹಾಕಿದ್ದು 18. ಕೂಗುವ ಲೋಡ್ ಇಷ್ಟೇ ಇದ್ದರೆ ಕಾಯುವ ಲೋಡ್ 0.52ರವರೆಗೆ ಈ ಬ್ಯಾಟರಿ ತಡೆಯುತ್ತದೆ, ಅದನ್ನೂ ಬರೆಯಿರಿ. ಮುಂದಿನ ವರ್ಷ ಇನ್ನೊಂದು ಡಬ್ಬಿ ಹಾಕಲು ಬರುವವರು ಬಾಗಿಲು ತೆಗೆದಾಗ ಮೊದಲು ಕಾಣಬೇಕಾದದ್ದು ಆ ಹಾಳೆ. ಚಾರ್ಜರ್‌ನ ವಿಷಯ ಗೊತ್ತಾಗದಿದ್ದರೆ ಪ್ಯಾನೆಲ್ ಒಳಗಿನ ಲೇಬಲ್‌ನ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.